ಗುಡ್ಡದ ತಿರುವಿನ ಕಲ್ಲು

ದೇವದುರ್ಗ ತಾಲೂಕು
ಶನಿವಾರ

ಪೂಜಾರಿ ಆದೆಪ್ಪ ಕಾಕಾ ಅವರಿಗೆ ಬಸ್ಸಮ್ಮನ ನಮಸ್ಕಾರ.

ನಮ್ಮ ಮನೆಯವರ ಹನ್ನೊಂದನೇ ದಿನದ ಕಾರ್ಯ ನಿನ್ನೆ ಮುಗಿಯಿತು. ನೀವು ಕಳಿಸಿದ ಜೋಳ ಮುಟ್ಟಿದೆ.

ಒಂದು ಕೆಲಸ ಆಗಬೇಕಿತ್ತು. ಗುಡ್ಡದ ತಿರುವಿನಲ್ಲಿದ್ದ ದುರುಗಮ್ಮನನ್ನು ಹೋದ ವರ್ಷ ಊರೊಳಗಿನ ಹೊಸ ಗುಡಿಗೆ ತಂದೆವಲ್ಲ, ಅವಳನ್ನು ಕೂರಿಸಿದ್ದ ಹಳೆಯ ಕಲ್ಲು ಗುಡಿಯ ಹಿಂದೆ ಬಿದ್ದಿದೆ. ಅದನ್ನು ಮತ್ತೆ ಅದೇ ತಿರುವಿನಲ್ಲಿ ನಿಲ್ಲಿಸಿರಿ. ಪೂಜೆ ಬೇಡ. ದೂರದಿಂದ ಕಾಣುವಂತೆ ಕುಂಕುಮ ಬಳಿದರೆ ಸಾಕು.

ಆ ಸಣ್ಣ ದಾರಿಯಲ್ಲಿ ಎದುರಿನ ಗಾಡಿ ಕಾಣುವುದಿಲ್ಲ. ದುರುಗಮ್ಮ ಇದ್ದಾಗ ಎಲ್ಲರೂ ಅವಳಿಗೆ ನಮಸ್ಕಾರವೆಂದು ಹಾರ್ನ್ ಹೊಡೆದೇ ತಿರುಗುತ್ತಿದ್ದರು. ಆಚೆಯಿಂದ ಬರುವವರಿಗೂ ಅದು ಕೇಳುತ್ತಿತ್ತು. ಈಗ ಯಾರೂ ಹೊಡೆಯುವುದಿಲ್ಲ. ಅವತ್ತು ಲಾರಿಯವನೂ ಹೊಡೆಯಲಿಲ್ಲ, ಟಂಟಂ ಆಟೋ ನಡೆಸುತ್ತಿದ್ದ ನಮ್ಮವರೂ ಹೊಡೆಯಲಿಲ್ಲ.

ದುರುಗಮ್ಮನನ್ನು ಊರಿಗೆ ತಂದ ವಾರ ನಾನು ಟಂಟಂನಲ್ಲಿ ಅವರ ಪಕ್ಕ ಕೂತಿದ್ದೆ. ತಿರುವು ಬಂದಾಗ ಅವರ ಕೈ ಹಾರ್ನ್ ಮೇಲೆ ಹೋಯಿತು. "ಅವ್ವ ಊರಾಗ ಅದಾಳ, ಇಲ್ಲಿ ಯಾರಿಗಿ ಹೊಡಿಯಾಕತ್ತೀರಿ?" ಎಂದು ನಾನೇ ನಕ್ಕೆ. ಅವರೂ ನಕ್ಕು ಕೈ ತೆಗೆದರು.

ಇದನ್ನು ಅತ್ತೆಗೆ ಹೇಳಿಲ್ಲ. ಕಲ್ಲು ಭಾರವಿದ್ದರೆ ಹೇಳಿ ಕಳಿಸಿರಿ, ನಾನೂ ಬಂದು ಹೊರುತ್ತೇನೆ.

ಇಂತಿ,
ಬಸ್ಸಮ್ಮ