ತೇರದಾಳದವರು ಕೇಳಿದ ಮಾತು

ಬನಹಟ್ಟಿ
ಮಂಗಳವಾರ, ತಾ. ೧೮-೧೧-೨೦೨೫

ಚಿ. ಮನೀಷಾಳಿಗೆ,

ನಿನ್ನ ಸೋದರಮಾವ ತುಕಾರಾಮನ ಆಶೀರ್ವಾದಗಳು. ನಾವು ಇಲ್ಲಿ ಇದ್ದ ಹಾಗೆ ಇದ್ದೇವೆ. ನೀನು ಮುಧೋಳದಲ್ಲಿ ಶಾಲೆಯ ಮಕ್ಕಳ ನಡುವೆ ಆರಾಮ ಇದ್ದೀ ಎಂದು ತಿಳಿದಿದ್ದೇನೆ. ಕಾಗದ ತಡವಾಯಿತು, ಸಿಟ್ಟಾಗಬೇಡ. ನೀನು ನನ್ನ ಫೋನ್ ಎತ್ತುವುದಿಲ್ಲ, ಎತ್ತಿದ್ದರೂ ಉಪಯೋಗವಿರಲಿಲ್ಲ. ಏಳನೆಯ ಇಯತ್ತೆ ಕಲಿತವನ ಅಕ್ಷರವೆಂದು ನಗಲೂ ಬೇಡ. ಆಗಿನ ಏಳನೆಯ ಇಯತ್ತೆ ನಿಮ್ಮ ಈಗಿನ ಬಿ.ಎಡ್.ಗೆ ಸಮ. ಆದರೂ ಇಷ್ಟು ಬರೆಯಲು ಒಂಬತ್ತು ದಿನ ಹಿಡಿಯಿತು. ಶಬ್ದ ಸಿಗದಿದ್ದರೆ ಜಾಗ ಬಿಟ್ಟು ಏಳುತ್ತೇನೆ. ನಿನ್ನ ಅತ್ತಿ ಕಾವೇರಿ ಬಂದು ಹೇಳಿಕೊಡುತ್ತಾಳೆ.

ಒಂದು ಸುಳ್ಳನ್ನು ಮೊದಲು ಬಿಚ್ಚುತ್ತೇನೆ. ಶ್ರಾವಣದಲ್ಲಿ ನಾನು ಮಿರಜಕ್ಕೆ ಹೋದದ್ದು ಕಣ್ಣಿನ ಆಪರೇಶನ್ನಿಗೆ ಅಲ್ಲ. ತಲೆಯೊಳಗೆ ಎಡಕ್ಕೆ ಒಂದು ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲ, ಸಾದಾ ಗಡ್ಡೆ, ತೆಗೆದರೆ ಮುಗಿಯಿತು ಎಂದರು. ತೆಗೆದರು. ಬೆಟ್ಟದ ನೆಲ್ಲಿಕಾಯಿಯಷ್ಟಿತ್ತಂತೆ. ನಮ್ಮ ಮನೆತನದಲ್ಲಿ ಯಾವುದೂ ಸಣ್ಣದು ಹುಟ್ಟುವುದಿಲ್ಲ ಎಂದು ಡಾಕ್ಟರಿಗೆ ಹೇಳಬೇಕೆಂದಿದ್ದೆ. ಬಾಯಿ ತೆರೆದರೆ ಮಾತೇ ಇಲ್ಲ.

ಜೀವ ಉಳಿಯಿತು, ಶಬ್ದಗಳು ಹೋದವು. ಯಾರು ಏನೆಂದರೂ ತಿಳಿಯುತ್ತದೆ, ಹೇಳಲು ಹೋದರೆ ಬರುವುದಿಲ್ಲ. ನಲವತ್ತು ವರ್ಷ ಮಗ್ಗದ ಮುಂದೆ ಕಳೆದವನು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದು, ಆ ಕಡೆ ಈ ಕಡೆ ಓಡೋದು ಎಂದೆ. ಅಮೋಲ ಮುಖ ತಿರುಗಿಸಿಕೊಂಡ. ಹೆತ್ತ ಮಗ. ಗಾಬರಿಯಾದರೆ ಇನ್ನೂ ಕೆಟ್ಟದ್ದು, ಹೌದು ಅನ್ನುವಲ್ಲಿ ಇಲ್ಲ ಬರುತ್ತದೆ, ಇಲ್ಲ ಅನ್ನುವಲ್ಲಿ ಹೌದು. ಚಹಾ ಬೇಡ ಎನ್ನುತ್ತಲೇ ಕಪ್ಪಿಗೆ ಕೈ ಚಾಚುತ್ತೇನೆ. ನಿನ್ನ ಅತ್ತಿ ಈಗ ನನ್ನ ಬಾಯಿ ಕೇಳುವುದಿಲ್ಲ, ಕೈ ನೋಡುತ್ತಾಳೆ.

ಹೊರಗೆ ಯಾರಿಗೂ ಹೇಳಕೂಡದೆಂದು ಇಬ್ಬರಿಂದಲೂ ಆಣೆ ಹಾಕಿಸಿಕೊಂಡೆ. ಸೀರೆ ವ್ಯಾಪಾರದಲ್ಲಿ ನನ್ನ ಬಾಯಿಗೆ ಹೆದರದ ದಲಾಲ ಈ ಬನಹಟ್ಟಿಯಲ್ಲಿ ಇದ್ದನೇ, ನೀನೇ ಹೇಳು. ತಲೆಯ ಮೇಲಿನ ಹೊಲಿಗೆಯ ಕಲೆ ಕಾಣದಂತೆ ಟೊಪ್ಪಿಗೆ ಹಾಕಿದೆ. ಯಾರಾದರೂ ಮಾತಾಡಿಸಿದರೆ ಕಣ್ಣು ಮಿಟುಕಿಸಿ ನಕ್ಕುಬಿಡುತ್ತಿದ್ದೆ. ಮೊದಲಿನಿಂದಲೂ ಕಿಡಿಗೇಡಿ ಎಂದು ಹೆಸರು, ಜನ ನಂಬಿದರು.

ದಸರೆಯ ಹೊತ್ತಿಗೆ ಜಮಖಂಡಿಯ ನಿಮ್ಮ ಮನೆಗೆ ತೇರದಾಳದವರು ನಿನ್ನನ್ನು ನೋಡಲು ಬಂದರು. ಎಲ್ಲ ಒಪ್ಪಿಗೆಯಾಗಿತ್ತು. ಹುಡುಗನ ಸಂಗಡ ಮಾತಾಡಿ ಹೊರಗೆ ಬಂದಾಗ ನಿನ್ನ ಅರಳಿದ ಮುಖವನ್ನು ನಾನು ನೋಡಿದ್ದೆ. ನಿಶ್ಚಯದ ಸಕ್ಕರೆ ಹಂಚುವ ಮೊದಲು ಹುಡುಗನ ತಂದೆ ಜ್ಞಾನೇಶ್ವರರು ನನ್ನ ಕಡೆ ತಿರುಗಿದರು. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನ ಮನೆಯದು. ಅವನು ಬಿಟ್ಟುಕೊಟ್ಟ ಮೇಲೆಯೇ ಬೇರೆಯವರು ತರಬೇಕು.

“ಮಾವಾರ, ನಿಮ್ಮ ಅಮೋಲಗ ಮಾಡ್ಕೊಳ್ಳೋ ವಿಚಾರ ಏನರ ಐತೇನ್ರಿ?”

ಕೇಳುವ ಶಾಸ್ತ್ರ, ಅಷ್ಟೇ. ಇಲ್ಲ ಅಂದರೆ ಮುಗಿಯಿತು. ಬೆಳಗಿನಿಂದ ಆ ಒಂದೇ ಶಬ್ದವನ್ನು ಜಪಿಸುತ್ತ ಕೂತಿದ್ದೆ.

“ಹೌದ್ರಿ,” ಎಂದೆ.

ಎಲ್ಲರೂ ನಕ್ಕರು. ನಿನ್ನ ಅವ್ವ ಮಾದೇವಿ ನನ್ನ ತೊಡೆ ಚಿವುಟಿ, “ಚ್ಯಾಷ್ಟಿ ಸಾಕು ಮಾಡಲೇ, ನೆಟ್ಟಗ ಹೇಳು,” ಎಂದಳು. ಅವರು ಮತ್ತೆ ಕೇಳಿದರು, ಮತ್ತೆ ಹೌದು. ಮೂರನೆಯ ಸಲ ಮೈ ಬೆವೆತು ಇನ್ನೂ ಗಟ್ಟಿಯಾಗಿ ಹೌದು ಬಂತು. ಕಾವೇರಿ ಏನೋ ಹೇಳಲು ಹೋದಳು, ನಾನು ಅವಳ ಮುಂಗೈ ಅದುಮಿ ಹಿಡಿದೆ. ಜ್ಞಾನೇಶ್ವರರು ಎದ್ದರು.

“ಮನ್ಯಾಗ ವರ ಇಟ್ಕೊಂಡು ನಮ್ಮನ್ಯಾಕ ಕರಿಸಿದ್ರಿ?”

ಅಮೋಲನ ಕನಸಿನಲ್ಲಿಯೂ ಈ ಯೋಚನೆ ಇರಲಿಲ್ಲ. ಮಗನಿಗೆ ಹೆಣ್ಣು ಸಿಗದೆ ಮಾವನೇ ಸಂಬಂಧ ಮುರಿದ ಎಂದು ಜನ ಆಡಿಕೊಂಡರು. ಅಕ್ಕ ನನ್ನ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ದೀಪಾವಳಿ ಆದ ಮೇಲೆ ಆ ಹುಡುಗನಿಗೆ ಬೇರೆ ಕಡೆ ಸಕ್ಕರೆ ಹಂಚಿದರೆಂದು ಕೇಳಿ ಈ ಕಾಗದ ಹಿಡಿದೆ. ಇನ್ನು ಬರೆದು ಏನೂ ಆಗುವುದಿಲ್ಲ, ಗೊತ್ತು. ನಿನ್ನ ಮಾವ ನಿನಗೆ ಕೇಡು ಬಯಸಿರಲಿಲ್ಲ ಎಂಬುದಷ್ಟು ನಿನಗೆ ತಿಳಿಯಲಿ.

ವೇಳೆಗೆ ಸರಿಯಾಗಿ ಉಣ್ಣು. ನನ್ನ ಆಯುಷ್ಯದಲ್ಲಿ ಉಳಿದ ಒಳ್ಳೆಯದೆಲ್ಲ ನಿನಗೆ ಬರಲಿ.

ನಿನ್ನ ಮಾವ,
ತುಕಾರಾಮ

ತಾ.ಕ.: ಇದು ಕಾವೇರಿಗೂ ಗೊತ್ತಿಲ್ಲ. ಜಮಖಂಡಿಯಿಂದ ಎದ್ದುಹೋದ ನಾಲ್ಕನೆಯ ದಿನ ಜ್ಞಾನೇಶ್ವರರು ಒಬ್ಬರೇ ನಮ್ಮ ಮಗ್ಗದ ಮನೆಗೆ ಬಂದಿದ್ದರು. ಹುಡುಗ ಊಟ ಬಿಟ್ಟು ಕೂತಿದ್ದಾನೆ ಎಂದರು. “ಅವತ್ತಿನ ಚ್ಯಾಷ್ಟಿ ಇರ್ಲಿ, ಅಮೋಲಗ ಮಾಡ್ಕೊಳ್ಳೋ ವಿಚಾರ ಐತೇನ್ರಿ? ಖರೆ ಹೇಳ್ರಿ, ಇನ್ನೂ ಏನೂ ಕೆಟ್ಟಿಲ್ಲ.” ಅವತ್ತು ನನ್ನ ಬಾಯಿ ನೆಟ್ಟಗಿತ್ತು. ಇಲ್ಲ ಎನ್ನುವುದು ನಾಲಿಗೆಯ ಮೇಲೆ ಬಂದು ಕೂತಿತ್ತು. ಅದನ್ನು ಹೇಳಿದ್ದರೆ ಅಂದು ಹೌದು ಯಾಕೆ ಅಂದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹೌದ್ರಿ, ನಮ್ಮ ಅಮೋಲಗ, ಎಂದೆ. ಅವರು ಕೈ ಮುಗಿದು ಹೋದರು. ಆ ಹೌದು ಗಡ್ಡೆಯದಲ್ಲ ಮಗಳೇ, ನನ್ನದು.