ಬೆಳ್ಳುಳ್ಳಿ ರಸದ ಬಾಟಲಿ

ಕುಷಾಯಿಗೂಡ, ಹೈದರಾಬಾದ್
ಗುರುವಾರ, ೮ ಫೆಬ್ರುವರಿ ೨೦೨೪

ಪ್ರೀತಿಯ ಅತ್ತೆಯವರೇ,

ನಿಮ್ಮ ಸೊಸೆ ಅಹಲ್ಯಾಳ ನಮಸ್ಕಾರಗಳು. ಮಂಡಿನೋವು ಹೇಗಿದೆ? ಪಕ್ಕದ ಮನೆಯ ತುಳಸಾಬಾಯಿ ಅಕ್ಕನವರು ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತೀರೋ, ವಾಸನೆ ಎಂದು ಮೂಲೆಗಿಟ್ಟಿದ್ದೀರೋ? ರಾಯಚೂರಿನಲ್ಲಿ ಈಗಲೇ ಬಿಸಿಲು ಏರಿದೆಯಂತೆ, ಮಧ್ಯಾಹ್ನ ಮಾಳಿಗೆ ಹತ್ತಬೇಡಿ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ಊಹಿಸಿಕೊಂಡು ಗಾಬರಿಯಾಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗ ಈಗ ಆರಾಮಾಗಿದ್ದಾರೆ. ಒಳಗೆ ಮಲಗಿದ್ದಾರೆ.

ಭಾನುವಾರ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುತ್ತಿದ್ದಾಗ ಇವರ ಮೂಗಿನಿಂದ ರಕ್ತ ಬಂತು. ಉಷ್ಣವಾಗಿರಬೇಕು ಎಂದುಕೊಂಡೆವು. ಮೂಗು ಒತ್ತಿಹಿಡಿದು ಕೂತರೂ ನಿಲ್ಲಲಿಲ್ಲ. ಟವೆಲ್ ಪೂರಾ ಕೆಂಪಾಯಿತು, ಆಮೇಲೆ ಬಾಯಿಗೂ ಇಳಿಯತೊಡಗಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಇವರ ಕೈ ತಣ್ಣಗಾಗಿತ್ತು.

ಅಲ್ಲಿದ್ದ ಡಾಕ್ಟರ್ ಶೀತಲ ಕಲಬುರಗಿ ಕಡೆಯವರು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿದರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದು, ರಕ್ತ ತೆಳುವಾಗಿಡುವ ಮಾತ್ರೆ ನಡೆಯುತ್ತಿರುವುದು, ಎಲ್ಲ ಕೇಳಿ ತಿಳಿದುಕೊಂಡರು. "ಮತ್ತೇನರ ತಗೋತೀರೇನ್ರಿ? ಮನೀ ಔಷಧ, ಕಷಾಯ?" ಎಂದರು. ಇವರು ತಲೆಯಾಡಿಸಿ, "ಏನೂ ಇಲ್ರಿ" ಎಂದುಬಿಟ್ಟರು. ಮೂಗಿಗೆ ತುರುಕಿದ್ದ ಬಟ್ಟೆ ನೋಡನೋಡುತ್ತಲೇ ನೆನೆಯುತ್ತಿತ್ತು. ಇವರು ನನ್ನ ಕಡೆ ನೋಡಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. "ದಿನಾ ಎರಡು ಹೊತ್ತು ಬೆಳ್ಳುಳ್ಳಿ ರಸ ಕುಡೀತಾರ್ರಿ, ನಮ್ಮತ್ತಿಯವರು ಮಾಡಿ ಕಳಸ್ತಾರ" ಎಂದು ಹೇಳಿಬಿಟ್ಟೆ.

ಅತ್ತೆ, ಬೇಸರ ಮಾಡಿಕೊಳ್ಳಬೇಡಿ. ಬೆಳ್ಳುಳ್ಳಿ ಸುಲಿದು ಸುಲಿದು ನಿಮ್ಮ ಬೆರಳು ಉರಿಯುವುದನ್ನು, ಜಜ್ಜಿ, ಹಳೆಯ ಸೀರೆಯ ಅರಿವೆಯಲ್ಲಿ ಹಿಂಡಿ, ಜೇನು ಬೆರೆಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರಸ ಹೃದಯ ಕಾಯುತ್ತದೆ, ರಕ್ತನಾಳ ಕಟ್ಟದಂತೆ ನೋಡಿಕೊಳ್ಳುತ್ತದೆ ಎಂದು ಮೊಬೈಲಿನಲ್ಲಿ ಬಂದ ವಿಡಿಯೋ ನೋಡಿಯೇ ನೀವು ಶುರುಮಾಡಿದ್ದು. ಅದೆಲ್ಲ ಸುಳ್ಳೇ ಎಂದು ಡಾಕ್ಟರನ್ನು ಕೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಪೂರಾ ಸುಳ್ಳಲ್ರಿ. ಬೆಳ್ಳುಳ್ಳಿಯೊಳಗ ಆಂಟಿಆಕ್ಸಿಡೆಂಟ್ ಅದಾವು, ಅದರ ಮ್ಯಾಲ ಸಂಶೋಧನಾ ನಡದಾವು. ಅಡಗಿಯೊಳಗ ಹಾಕ್ರಿ, ಬ್ಯಾಡನ್ನಾಂಗಿಲ್ಲ. ಆದ್ರ ರಸ ಅಂದ್ರ ಒಂದ ಗುಟುಕಿನ್ಯಾಗ ಎಷ್ಟೋ ಗಡ್ಡಿ ಬಂದಂಗ. ಅದೂ ರಕ್ತ ತೆಳು ಮಾಡ್ತೈತಿ, ಇವರ ಗುಳಿಗಿನೂ ಅದನ್ನ ಮಾಡ್ತಾವು. ರಕ್ತ ಬಂದದ್ದು ಇದೊಂದರಿಂದನ ಅಂತ ನಾ ಹೇಳಾಂಗಿಲ್ಲ. ಆದ್ರ ಎರಡೂ ಕೂಡಬಾರದು" ಎಂದರು.

ಮೂಗಿನೊಳಗೆ ಒಡೆದಿದ್ದ ರಕ್ತನಾಳವನ್ನು ಸುಟ್ಟು ಮುಚ್ಚಿದ ಮೇಲೆ ರಕ್ತ ನಿಂತಿತು. ಮಂಗಳವಾರ ಮನೆಗೆ ಬಂದೆವು. ಮಾತ್ರೆ ಬಿಡುವಂತಿಲ್ಲ, ರಸ ಮುಟ್ಟುವಂತಿಲ್ಲ. ಅಂದಿನಿಂದ ಇವರು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. "ಪರಊರಿನ ದವಾಖಾನ್ಯಾಗ ನಮ್ಮವ್ವನ ಹೆಸರು ಯಾಕ ತಂದಿ? ಆಕಿಗೆ ಗೊತ್ತಾದ್ರ ಮಗನ್ನ ನಾನ ಕೊಲ್ಲಾಕ ಹೊಂಟಿದ್ದೆ ಅಂತ ಕೊರಗಿ ಸಾಯ್ತಾಳ" ಎಂದರು. ನಿಮಗೆ ತಿಳಿಸಕೂಡದೆಂದು ಆಣೆ ಹಾಕಿಸಲು ಬಂದರು, ನಾನು ಹಾಕಲಿಲ್ಲ. ಇವರು ನಿಮ್ಮ ಕೊರಗಿಗೆ ಹೆದರುತ್ತಾರೆ, ನಾನು ಆ ಟವೆಲ್ ನೋಡಿದ್ದೇನೆ. ಇನ್ನು ಮುಂದೆ ರಸ ಕಳಿಸಬೇಡಿ. ಶೇಂಗಾ ಚಟ್ನಿ ಕಳಿಸಿ, ಅದರಲ್ಲಿ ಬೆಳ್ಳುಳ್ಳಿ ಎಷ್ಟು ಹಾಕುತ್ತಿದ್ದಿರೋ ಅಷ್ಟೇ ಇರಲಿ.

ಅಕ್ಕನವರಿಗೆ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ ಪಾದಕ್ಕೆರಗುವ ಸೊಸೆ,
ಅಹಲ್ಯಾ

ತಾ.ಕ.: ಲಕೋಟೆ ಅಂಟಿಸುವಾಗ ಇವರು ಎದ್ದು ಬಂದು ಪತ್ರ ಓದಿದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಮುಖ ಬಿಳಚಿಕೊಂಡಿತು. "ಅವ್ವಾನೂ ಕುಡೀತಾಳ" ಎಂದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗಿನಿಂದ ನೀವೂ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ನಾಳೆ ಶುಕ್ರವಾರ ನಿಮ್ಮ ದವಡೆ ಹಲ್ಲು ಕೀಳಿಸುವುದಿದೆಯಂತೆ. ತಕ್ಷಣ ಅಕ್ಕನವರಿಗೆ ಫೋನ್ ಮಾಡಿದೆ. "ನಾ ಹೇಳಿದ್ರ ಕೇಳಾಂಗಿಲ್ಲ, ಈಗಷ್ಟ ಒಂದು ಲೋಟ ಕುಡುದಾಳ. ಮಗ ಹೇಳಿದ್ರ ಕೇಳ್ಯಾಳು" ಎಂದರು. ಕೆಳಗಿನ ಮನೆಯ ವಿಜಯಕುಮಾರ ಕಾಚಿಗೂಡದಿಂದ ರಾಯಚೂರಿನ ರೈಲು ಹಿಡಿಯಲು ಬಾಗಿಲಲ್ಲಿ ನಿಂತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ನಾಳೆ ಬೆಳಗಾಗುವುದರೊಳಗೆ ನಿಮಗೆ ತಲುಪುತ್ತದೆ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಕೆಳಗಿನದು ಇವರ ಕೈಬರಹ.

ಅವ್ವಾ, ನೀ ಮಾಡಿದ್ದು ತಪ್ಪಲ್ಲ. ಆದ್ರ ರಕ್ತ ನಿಲ್ಲಲಾರದಾಗ ನನಗ ಭಾಳ ಅಂಜಿಕಿ ಬಂದಿತ್ತು. ಇನ್ನ ಒಂದ ಹನಿನೂ ಕುಡೀಬ್ಯಾಡ. ಹಲ್ಲಿನ ಡಾಕ್ಟರಿಗೆ ರಸಾ, ಗುಳಿಗಿ ಎರಡೂ ಹೇಳೋತನಕ ಆ ಕುರ್ಚಿ ಮ್ಯಾಲ ಕೂಡಬ್ಯಾಡ. ನಾ ಹೇಳಲಿಲ್ಲ. ನೀ ಹೇಳು.
ಚಂದ್ರಕಾಂತ