ಒಂದು ಪ್ಲಗ್ ಬಿಟ್ಟುಕೊಡು

ನಂಗವಳ್ಳಿ

ಮೋಹನಣ್ಣಾ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದದ ಮೇಲೆ ಅಡ್ಡ ಬಾಯಿ ಹಾಕಲು ನಿನಗೆ ಜಾಗವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಅದಿಯಮಾನ್‌ಕೋಟೆಯಲ್ಲಿ ಚಿಕ್ಕಪ್ಪನ ಮಗಳು ಪುಷ್ಪಾಳ ಮದುವೆ. ನಿನ್ನ ಮಗಳು ಜೀವಿತಾ ಗಿಟಾರ್ ನುಡಿಸುತ್ತಾಳೆ. ನಾನು ಕಟ್ಟಿದ ವಾಲ್ವ್ ಆಂಪ್ಲಿಫೈಯರಿನಲ್ಲೇ ಎಂದು ಅವಳ ಹಟ. ನಿನ್ನ ಸೌಂಡ್ ಸರ್ವೀಸಿನ ಪೆಟ್ಟಿಗೆಯಲ್ಲೇ ಎಂದು ನಿನ್ನದು. "ಆ ಗುಜರಿ ಡಬ್ಬ ಮಂಟಪದೊಳಕ್ ಬಂದ್ರೆ ಫ್ಯೂಸ್ ಕಿತ್ತಾಕ್ತೀನಿ" ಎಂದೆಯಂತೆ.

ಗುಜರಿ, ನಿಜ. ಗಾಜಿನ ಬುರುಡೆಯಂಥ ವಾಲ್ವು, ಟ್ರಾನ್ಸ್‌ಫಾರ್ಮರ್ ಎರಡೂ ಸೇಲಂನ ಹಳೇ ಸಾಮಾನಿನಂಗಡಿಯ ಸತ್ತ ರೇಡಿಯೋಗಳವು. ಪೆಟ್ಟಿಗೆ ಮುರಿದ ಮಂಚದ ಹಲಗೆ. ಸದ್ದು ಗುಂಯ್‌ಗುಡದಂತೆ ಒಳಗೆ ಹೊಡೆದದ್ದು ಅಮ್ಮನ ಹಳೇ ಕಂಬಳಿ. ಹೊಸದರ ಬೆಲೆ ಕೇಳಿ ಬೆವರಿದೆ, ಹಳೆಯದನ್ನೇ ಕೂಡಿಸಿ ಚಿಗುರಿದೆ. ಪ್ರಾಸ ನನ್ನ ಚಟ, ಕನ್ನಡ ಬಿ.ಎ. ನನಗೆ ಕೊಟ್ಟದ್ದು ಅದೊಂದೇ.

ಆಯುಧಪೂಜೆಯಲ್ಲಿ ನೆಂಟರೆದುರು ಅದು ಸತ್ತದ್ದೂ ನಿಜ. ಹೇಗೆ ಎಂಬುದನ್ನು ಮಾತ್ರ ನೀನು ಊರಿಗೆಲ್ಲ ಹೇಳುವಾಗ ನುಂಗಿಬಿಡುತ್ತೀಯ. ಕುಡುಗೋಲು, ಕುರಿ ಕತ್ತರಿ, ನಿನ್ನ ಮೈಕುಗಳ ಸಾಲಿನಲ್ಲಿ ಸ್ವಿಚ್ ಹಾಕಿದ ನನ್ನದೂ ಉರಿಯುತ್ತಿತ್ತು. ಎಲ್ಲಕ್ಕೂ ಗಂಧ ಕುಂಕುಮವಿಡುತ್ತ ಬಂದ ಅಮ್ಮ ಕಾದ ವಾಲ್ವಿನ ಗಾಜಿಗೂ ಒದ್ದೆ ಗಂಧ ಇಟ್ಟಳು. ಟಪ್! ಬಿರುಕಿನಲ್ಲಿ ಗಾಳಿ ಹೊಕ್ಕು, ಗಾಜಿನ ನೆತ್ತಿಯ ಬೆಳ್ಳಿ ಬಣ್ಣ ಸುಣ್ಣದಂತೆ ಬಿಳಿಚಿತು. "ದೀಪದಂಗಿತ್ತು ಕಣಮ್ಮಿ, ಬರೀ ಅಣೇಲಿ ಎಂಗ್ ಬಿಡ್ಲಿ?" ಎಂದು ಅಮ್ಮ ಅತ್ತಳು. ನೀನು ನಕ್ಕೆ. "ಸಾಮೀನೇ ವೇಂಡಾಂ ಅಂತಾನೆ. ಎಂಗುಸ್ಗೆ ಕರೆಂಟ್ ಸವಾಸ ಯಾಕಮ್ಮಿ? ಬಿಸಾಕು."

ದೇವರು ಬೇಡ ಅನ್ನಲಿಲ್ಲ ಅಣ್ಣ. ಮದುವೆಗೆ ನೀನು ಕಟ್ಟುವ ಫೋಕಸ್ ಲೈಟು ಉರಿಯುವಾಗ ಅದಕ್ಕೆ ಒದ್ದೆ ಗಂಧ ಇಟ್ಟಿದ್ದರೂ ಒಡೆಯುತ್ತಿತ್ತು. ಬೇರೆ ವಾಲ್ವ್ ಹುಡುಕಿ ಹಾಕಿದ್ದೇನೆ, ಬಿಸಾಕಿಲ್ಲ.

ಇನ್ನು ಹೆಂಗಸಿಗೇಕೆ ಎಂದೆಯಲ್ಲ, ಆ ಕರೆಂಟಿನ ಸಹವಾಸ. ಅದನ್ನು ಕಲಿಸಿದವನು ನೀನೇ. ನಾನಿನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, "ಒಂದ್ ಕೈ ಸೊಂಟುಕ್ ಸಿಗುಸ್ಕ, ಇನ್ನೊಂದ್ರಲ್ಲಿ ಮುಟ್ಟು. ಎರಡ್ರಲ್ಲೂ ಮುಟ್ಟಿದ್ರೆ ಕರೆಂಟು ಎದೆ ದಾಟ್ಕಂಡ್ ಓಯ್ತದೆ" ಎಂದಿದ್ದೆ. ಇಂದಿಗೂ ಎಡಗೈಯನ್ನು ಸೆರಗಿಗೆ ಸಿಕ್ಕಿಸಿಕೊಂಡೇ ಬೆಸುಗೆ ಹಾಕುತ್ತೇನೆ. ಬದುಕಿದ್ದೇನೆ ನೋಡು, ನಿನ್ನ ಪಾಠ ಚೆನ್ನಾಗಿತ್ತು. ಅದನ್ನು ಈಗ ವಾಪಸ್ ಕೇಳಬೇಡ, ಕೊಡುವುದಿಲ್ಲ.

ಮೊನ್ನೆ ಜೀವಿತಾ ಬಂದು ನುಡಿಸಿದಳು. ಮೆಲ್ಲಗೆ ಮೀಟಿದರೆ ಜೇನು, ಜಗ್ಗಿ ಮೀಟಿದರೆ ಜಗಳ. "ಅತ್ತೆ, ನಾನ್ ಬೈದ್ರೆ ಇದು ತಿರುಗಿ ಬೈತದೆ!" ಎಂದು ಕುಣಿದಳು. ನಿನ್ನ ಪೆಟ್ಟಿಗೆಯೋ, ಎಷ್ಟು ಬೈದರೂ ಅದೇ ದನಿಯಲ್ಲಿ ವಣಕ್ಕಂ ಹೇಳುತ್ತದೆ.

ಮೈಕು ನಿನ್ನದು, ಜನರೇಟರ್ ನಿನ್ನದು, ಮಗಳೂ ನಿನ್ನವಳೇ. ಒಂದು ಪ್ಲಗ್ ಬಿಟ್ಟುಕೊಡು. ಬಿಡದಿದ್ದರೆ ಅಡುಗೆಯವರ ಗ್ರೈಂಡರ್ ಕಿತ್ತು ಅಲ್ಲಿಂದಲೇ ವೈರ್ ಎಳೆಯುತ್ತೇನೆ. ಚಟ್ನಿ ಎಲ್ಲಿ ಎಂದರೆ ಬೀಗರಿಗೆ ನೀನೇ ಉತ್ತರ ಕೊಡು.

ನಿನ್ನ ಕಿವಿಗಳು ಬಹುಕಾಲ ಚುರುಕಾಗಿರಲಿ, ಈ ಭಾನುವಾರವಂತೂ ಇರಲೇಬೇಕು.

ಒಂದೇ ಕೈಯಲ್ಲಿ ನಿನ್ನೆದುರು ನಿಂತಿರುವ ತಂಗಿ,
ಭುವನಾ